ಮೊದಲ ಮುಳುಗು

ಅಳುತ್ತಿದ್ದ ಹುಡುಗಿಯನ್ನು ಕೋಚ್ ನೀರಿಗೆ ತಳ್ಳಿದ.

ಎಂಟೋ ಒಂಬತ್ತೋ ವಯಸ್ಸು. ಬೆನ್ನಿಗೆ ಪುಟ್ಟ ಸಿಲಿಂಡರ್, ಮುಖಕ್ಕೆ ಗಾಜಿನ ಮಾಸ್ಕ್. ಉಸಿರಿನ ಕೊಳವೆಯನ್ನು ಎರಡು ಸಲ ಉಗಿದು, "ಬೇಡ, ಕಿವಿ ನೋಯತ್ತೆ" ಎಂದು ಕಿರುಚಿದ್ದಳು. ಮೂರನೆಯ ಸಲ ಕೋಚ್ ತಾನೇ ಕೊಳವೆಯನ್ನು ಅವಳ ಬಾಯಿಗಿಟ್ಟು, ಬೆನ್ನಿಗೆ ಕೈ ಕೊಟ್ಟು ನೂಕಿದ. ಈಜುಕೊಳದ ಸುತ್ತ ಕುಳಿತಿದ್ದ ತಂದೆತಾಯಂದಿರು ಒಮ್ಮೆಲೇ "ಅಯ್ಯೋ" ಎಂದರು. ಅಯ್ಯೋ ಎನ್ನುತ್ತಲೇ ಫೋನ್ ಎತ್ತಿ ಹಿಡಿದರು.

ಹೋಟೆಲಿನ ಗೋಡೆಗೆ ಬ್ಯಾನರ್ ಕಟ್ಟಿತ್ತು: "ಪುಟಾಣಿಗಳಿಗೆ ಸ್ನಾರ್ಕೆಲಿಂಗ್ ಮತ್ತು ಸ್ಕೂಬಾ. ಉಸಿರು ಬಿಗಿಹಿಡಿಯಿರಿ, ಭಯ ಬಿಟ್ಟುಬಿಡಿ!" ಸಿಲಿಂಡರ್ ಕಟ್ಟಿಕೊಂಡು ಮುಳುಗಿದವರು ಎಂದೂ ಉಸಿರು ಬಿಗಿಹಿಡಿಯಬಾರದು, ಆ ವಿದ್ಯೆಯ ಮೊದಲ ಪಾಠವೇ ಅದು. ಬ್ಯಾನರ್ ಬರೆಸಿದವರಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ. ಅವರು ಮಾರುತ್ತಿದ್ದುದು ಧೈರ್ಯ. ಈ ದಿನದ್ದು ಉಚಿತ ಪ್ರದರ್ಶನ. ಮೆಚ್ಚಿದವರಿಗೆ ಆಚೆ ಮೇಜಿನ ಮೇಲೆ ರಸೀದಿ ಪುಸ್ತಕ ಬಾಯಿ ತೆರೆದು ಕಾದಿತ್ತು.

ಹುಡುಗಿ ಕೆಮ್ಮುತ್ತ ಮೇಲೆದ್ದು ಕೊಳದ ಅಂಚು ಹಿಡಿದುಕೊಂಡಳು.

"ಬಿಡಬೇಡಿ ಕೋಚ್, ಅಳ್ಲಿ" ಎಂದರು ಅವಳ ಜೊತೆ ಬಂದಿದ್ದ ಕಪ್ಪು ಕನ್ನಡಕದವರು. ಎದೆಯ ಮೇಲೆ ಕೈಕಟ್ಟಿ, ಕಂಬದ ಹಾಗೆ ನಿಂತಿದ್ದರು. "ಇವತ್ತು ಅತ್ತರೆ ನಾಳೆ ನಗ್ತಾಳೆ."

"ಅಪ್ಪ ಅಂದ್ರೆ ಹೀಗಿರ್ಬೇಕು ನೋಡಿ" ಎಂದು ಮುಂದಿನ ಸಾಲಿನ ತಾಯಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ಉಸುರಿದಳು. "ನಮ್ಮನೇಲೂ ಒಬ್ರಿದಾರೆ. ಮಗು ಸೀನಿದ್ರೆ ಇವರು ಹೋಗಿ ಮಲಗ್ತಾರೆ."

ಕೋಚ್ ಮೊಣಕಾಲೂರಿ ಕುಳಿತ. "ಏನಮ್ಮ, ಇಷ್ಟೇನಾ ನಿನ್ನ ದಮ್ಮು? ಬಕೆಟ್ಟಲ್ಲಿ ನೀರು ಹಿಡಿದುಕೊಡ್ಲಾ, ಕಾಲು ತೊಳ್ಕೊಂಡು ಮನೆಗೆ ಹೋಗ್ತೀಯಾ?"

ಜನ ಗೊಳ್ಳೆಂದು ನಕ್ಕರು. ಹುಡುಗಿ ಕಣ್ಣೊರೆಸಿಕೊಂಡಳು. ಒಂದೇ ಕೈಯಲ್ಲಿ ಮಾಸ್ಕಿನ ಪಟ್ಟಿ ಬಿಗಿ ಮಾಡಿದಳು. ಯಾರೂ ಹೇಳದೆಯೇ ಮೂಗು ಒತ್ತಿ ಗಾಳಿಯೂದಿ, ಕಟ್ಟಿದ ಕಿವಿ ಬಿಡಿಸಿಕೊಂಡು ಕೆಳಗಿಳಿದಳು. ಗುಳ್ಳೆಗಳು ಒಂದರ ಹಿಂದೊಂದು, ಅವಸರವಿಲ್ಲದೆ ಮೇಲೆ ಬಂದವು. ಮತ್ತೆ ತಲೆಯೆತ್ತಿದಾಗ ಅವಳ ಕೈಯಲ್ಲಿ, ಕೋಚ್ ಕೊಳದ ತಳದಲ್ಲಿ ಹಾಕಿಟ್ಟಿದ್ದ ಕೆಂಪು ಬಳೆಯಿತ್ತು.

ಚಪ್ಪಾಳೆಯೋ ಚಪ್ಪಾಳೆ. "ಇಷ್ಟೇ ನೋಡಿ ಭಯ ಅಂದ್ರೆ!" ಎಂದು ಕೋಚ್ ಅವಳ ಕೈಯನ್ನು ಮೇಲೆತ್ತಿದ. ನಾಲ್ಕಾರು ಕುರ್ಚಿಗಳು ಸರಿದ ಸದ್ದಾಯಿತು. ರಸೀದಿ ಮೇಜಿನ ಮುಂದೆ ಸಾಲು ಬೆಳೆಯಿತು. ಹುಡುಗಿ ನೀರಿಳಿಸುತ್ತ ಒಂದು ಮೂಲೆಯಲ್ಲಿ ಹೋಗಿ ಕುಳಿತಳು. ಅವಳಿಗೊಂದು ಟವೆಲ್ ತಂದುಕೊಡಲು ಯಾರಿಗೂ ತೋಚಲಿಲ್ಲ. ಕಪ್ಪು ಕನ್ನಡಕದವರ ಕಣ್ಣು ಸಾಲಿನ ಮೇಲಿತ್ತು.

ಸಾಲಿನಲ್ಲಿ ಮೊದಲು ನಿಂತವರ ಮಗನನ್ನೇ ಮೊದಲು ನೀರಿಗಿಳಿಸಿದರು. ನೆಗಡಿ ಹಿಡಿದ, ಸಣಕಲು ಹುಡುಗ. ಕೋಚ್ ಅವನ ಕೈಹಿಡಿದು ಆಳದ ಕಡೆ ಅರ್ಧ ಏಣಿ ಇಳಿಸಿದ್ದನಷ್ಟೆ. ಹುಡುಗ ಕೊಸರಿಕೊಂಡು ಮೇಲೆ ಬಂದ. ಅಂಗೈಯಿಂದ ಬಲಗಿವಿ ಮುಚ್ಚಿಕೊಂಡಿದ್ದ. ಕಿರುಚಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಅಮ್ಮಾ, ಕಿವಿ... ಒಳಗೆ ಚುಚ್ತಿದೆ."

"ಆ ಅಕ್ಕನೂ ಹಾಗೇ ಅಂದ್ಲಲ್ಲ ಕಂದಾ" ಎಂದಳು ತಾಯಿ, ಫೋನ್ ಇಳಿಸದೆ. "ಈಗ ನೋಡು, ಮೀನು! ಇನ್ನೊಂದ್ಸಲ ಇಳಿ, ವಿಡಿಯೋ ಅರ್ಧ ಆಗಿದೆ."

"ನಮ್ಮ ವಂಶದಲ್ಲೇ ಹೆದರಿದವರಿಲ್ಲ" ಎಂದು ತಂದೆ ಘೋಷಿಸಿದ. ಬೂಟು ನೆನೆದೀತೆಂದು ಅವನು ಕೊಳದಿಂದ ಮಾರು ದೂರ ನಿಂತಿದ್ದ.

ಕೋಚ್ ಹುಡುಗನ ಮೂಗು ನೋಡಿದ. "ಸಾರ್, ನೆಗಡಿ ಇದ್ದ ಹಾಗಿದೆ. ಮೂಗು ಕಟ್ಟಿದ್ರೆ ಕಿವಿ ಬಿಡಿಸಿಕೊಳ್ಳೋಕಾಗಲ್ಲ. ಆಳದಲ್ಲಿ ಕಿವಿ ತಮಟೆಗೆ ಪೆಟ್ಟಾಗ್ಬಹುದು. ಇನ್ನೊಂದು ವಾರ..."

"ಯಾವ ನೆಗಡೀನೂ ಇಲ್ಲ ರೀ. ಅತ್ತು ಅತ್ತು ಹಾಗಾಗಿದೆ. ಆ ಹುಡುಗೀನ ತಳ್ಳಿದ್ರಲ್ಲ, ಇವನನ್ನೂ ತಳ್ಳಿ. ನಾವೇನು ಕಡಿಮೆ ಕೊಟ್ಟಿದೀವಾ?"

ಕಪ್ಪು ಕನ್ನಡಕದವರು ಒಮ್ಮೆ ಕೆಮ್ಮಿದರು. ದೊಡ್ಡ ಕೆಮ್ಮೇನಲ್ಲ. ಆದರೂ ಕೋಚ್‌ನ ಭುಜ ಕುಗ್ಗಿತು. ಅವನ ಕೈ ಮತ್ತೆ ಹುಡುಗನ ಸಿಲಿಂಡರಿನ ಪಟ್ಟಿಗೆ ಹೋಯಿತು. ಹುಡುಗ ಏಣಿಯ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ಅವನು ನಂಬ್ತಿಲ್ಲ" ಎಂದರು ಕಪ್ಪು ಕನ್ನಡಕದವರು ನಗುನಗುತ್ತ. "ಅವಳ ಬಾಯಲ್ಲೇ ಹೇಳ್ಸಿ. ಮಕ್ಕಳ ಮಾತು ಮಕ್ಕಳಿಗೆ ನಾಟತ್ತೆ."

ಕೋಚ್ ಮೂಲೆಯತ್ತ ತಿರುಗಿದ. "ಬಾಮ್ಮ ಇಲ್ಲಿ. ಇವನಿಗೆ ಹೇಳು. ಮೊದಲು ಕಿವಿ ನೋಯತ್ತೆ, ಆಮೇಲೆ ತಾನೇ ಸರಿಹೋಗತ್ತೆ ಅಂತ."

ಹುಡುಗಿ ಬಂದಳು. ಏಣಿಗೂ ಕೋಚ್‌ಗೂ ನಡುವೆ ನಿಂತಳು. ಅವಳು ಬಗ್ಗಿ ಆ ಹುಡುಗನ ಬೆನ್ನಿನ ಪಟ್ಟಿಯ ಕೊಂಡಿಯನ್ನು ಕಳಚಿದಳು; ಸಿಲಿಂಡರ್ ಜಾರಿ ನೀರಿಗೆ ಬಿತ್ತು.

"ಏಯ್!" ಎಂದ ಹುಡುಗನ ತಂದೆ. "ಏನ್ರೀ ಇದು? ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ರೀ!"

ಕಪ್ಪು ಕನ್ನಡಕದವರು ಕನ್ನಡಕ ತೆಗೆದರು. "ಹೇಳು ಅಂದ್ರೆ ಹೇಳ್ಬೇಕು" ಎಂದರು. ಈ ಸಲ ನಗು ಇರಲಿಲ್ಲ.

ಹುಡುಗಿ ಅವರತ್ತ ತಿರುಗಲೂ ಇಲ್ಲ; ಕೋಚ್‌ನ ಮುಖವನ್ನೇ ದಿಟ್ಟಿಸಿದಳು. "ಹೇಳಲ್ಲ ಅಪ್ಪಾ, ಇವನು ನಿಜವಾಗ್ಲೂ ಅಳ್ತಿದಾನೆ, ಸಾಯಂಕಾಲದ ಬ್ಯಾಚಿಗೂ ನಾನು ಅಳಲ್ಲ, ಬೇಕಿದ್ರೆ ಈ ನಿಮ್ಮ ಮ್ಯಾನೇಜರ್ರೇ ಅಳಲಿ."