ರುದ್ರವ್ವ ಹೊತ್ತ ನೋವು

ಮದುವೆಯಾಗದ ಮಕ್ಕಳ ನೋವು ಹೆತ್ತವಳ ಮೈಗೆ ಇಳಿಯುವುದು ಎಲ್ಲ ಮನೆಗಳ ರೂಢಿ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕಸ್ತೂರಿ ಬೆಳಿಗ್ಗೆ ಜಾರಿಬಿದ್ದು ಬಲಭುಜದ ಕೀಲು ತಪ್ಪಿದಾಗ, ಚೀರಿದವಳು ಅವಳ ತಾಯಿ ರುದ್ರವ್ವ.

ತುರ್ತು ವಾರ್ಡಿನಲ್ಲಿ ಅವರ ಪಾಳಿ ಬಂದಾಗ ಕಸ್ತೂರಿ ಎಡಗೈಯಿಂದ ಮಂಡಕ್ಕಿ ತಿನ್ನುತ್ತಿದ್ದಳು. ರುದ್ರವ್ವನ ಮುಖ ಅರಳಿತ್ತು.

“ನಮಗ ಅವಸರ ಇಲ್ರಿ ಸಿಸ್ಟರ್. ನೋವು ತಾನಾ ಹೋತು.”

“ಅವ್ವಗ ನನ್ನ ನೋವು ಒಗ್ಗಿಬಿಟ್ಟೈತಿ,” ಎಂದು ಕಸ್ತೂರಿ ನಕ್ಕಳು.

ನರ್ಸ್ ಜುಬೇದಾ ನಗಲಿಲ್ಲ. ಕಸ್ತೂರಿಯ ಬಲಗೈ ಬಿಳುಚಿ, ಮಣ್ಣಿನ ಕೊಡದಂತೆ ತಣ್ಣಗಿತ್ತು. ಮಣಿಕಟ್ಟಿನಲ್ಲಿ ಎಷ್ಟು ಹುಡುಕಿದರೂ ನಾಡಿ ಸಿಗಲಿಲ್ಲ. ಜುಬೇದಾ ಕಸ್ತೂರಿಯ ಭುಜದ ಹೊರಬದಿಗೆ ಸೂಜಿ ಚುಚ್ಚಿದಳು. ಚೀರಬೇಕಾದ ರುದ್ರವ್ವ ನಗುತ್ತಲೇ ಇದ್ದಳು.

“ನೋವು ಯಾವಾಗ ನಿಂತಿತು?”

“ಹತ್ತಕ್ಕರೀ.”

ಗೋಡೆಯ ಗಡಿಯಾರದಲ್ಲಿ ಎರಡೂವರೆಯಾಗಿತ್ತು.

“ಆಗ್ಲೇ ಯಾಕ ಹೇಳಲಿಲ್ಲಬೇ? ಕೈಗೆ ರಕ್ತ ಹೋಗೂದು ನಿಂತೈತಿ, ನರಾನೂ ಸತ್ತಂಗೈತಿ. ಅದಕ್ಕ ನಿನಗ ನೋವಿಲ್ಲ!” ಎಂದವಳೇ ಜುಬೇದಾ ಡಾಕ್ಟರನ್ನು ಕೂಗುತ್ತ ಓಡಿದಳು.

ಕಸ್ತೂರಿಯ ಬಾಯಲ್ಲಿ ಮಂಡಕ್ಕಿ ಹಾಗೇ ಉಳಿಯಿತು. ರುದ್ರವ್ವ ನೋವಿಲ್ಲದ ತನ್ನ ಬಲಭುಜವನ್ನು ಮುಷ್ಟಿಯಿಂದ ಗುದ್ದಿಕೊಂಡಳು, ಮತ್ತೆ ಗುದ್ದಿಕೊಂಡಳು.

“ಬಾರೋ ಯಪ್ಪಾ, ತಿರುಗಿ ಬಾರೋ,” ಎಂದು ಆ ನೋವನ್ನು ಕರೆಯುತ್ತಿದ್ದಳು.