ಎರಡನೇ ಶನಿವಾರದ ಮುಹೂರ್ತ

ಮೇಲಿನ ಮೆಟ್ಟಿಲಲ್ಲಿ ಐದು ಜನ ಬಂದು ನಿಂತಾಗಲೇ ಶ್ರೀಜಾಳಿಗೆ ತನ್ನ ತಪ್ಪು ಗೊತ್ತಾದದ್ದು. ಅವಳು ವಾರ ನೋಡಿದ್ದಳು, ತಾರೀಖು ನೋಡಿರಲಿಲ್ಲ. ಎರಡನೇ ಶನಿವಾರ, ಆಫೀಸಿಗೆ ರಜೆ, ಹುಲಿಕೆರೆಯ ಕಲ್ಯಾಣಿಯಲ್ಲಿ ಜನ ಇರುವುದಿಲ್ಲ, ಹತ್ತು ನಿಮಿಷದ ಕೆಲಸ ಎಂದಿದ್ದ ರಘುರಾಮ್. ಸರಿ ಎಂದು ಬಂದುಬಿಟ್ಟಿದ್ದಳು. ಇವತ್ತು ಫೆಬ್ರವರಿ ಹದಿನಾಲ್ಕು ಎಂಬುದು ತಲೆಗೇ ಹೊಳೆದಿರಲಿಲ್ಲ.

ಹಳೇಬೀಡಿನ ಸುತ್ತ ಆ ದಿನ ಜೋಡಿಗಳು ಹೊರಗೆ ಕಾಲಿಡುವುದಿಲ್ಲ. ಕಾರಣ ಶಶಿಧರ್. ಪ್ರೇಮಿಗಳ ದಿನ ಪರದೇಶದ ಪೀಡೆ ಎಂದು ಮೊದಲ ವರ್ಷ ಅವನ ಪಡೆ ಗುಲಾಬಿ, ಗ್ರೀಟಿಂಗ್ ಕಾರ್ಡು ಸುಟ್ಟಿತು. ಮರುವರ್ಷ ಹುಡುಗಿಯರ ಅಪ್ಪಂದಿರಿಗೆ ಫೋನು ಮಾಡಿತು. ಈ ವರ್ಷದ ಪದ್ಧತಿ ಹೊಸದು: ಸಿಕ್ಕ ಜೋಡಿಗೆ ಸಿಕ್ಕಲ್ಲೇ ಮದುವೆ. ಅರಿಶಿನದ ದಾರ ಜೇಬಿನಲ್ಲೇ ಇತ್ತು. ಪರೋಪಕಾರಿ ಅಂದರೆ ಇವನೇ ನೋಡಿ!

ಕಲ್ಯಾಣಿ ಆಳ. ಹತ್ತಲು ಒಂದೇ ದಾರಿ, ಆ ದಾರಿಯಲ್ಲಿ ಶಶಿಧರ್. ಶ್ರೀಜಾಳಿಗೆ ಬೇಕಾಗಿದ್ದದ್ದು ಇಷ್ಟೇ, ಬಂದ ಹಾಗೆ ಒಬ್ಬಳೇ ಆ ಮೆಟ್ಟಿಲು ಹತ್ತಿ ಹೋಗುವುದು.

"ನಾವು ಪ್ರೇಮಿಗಳಲ್ಲ," ಎಂದಳು.

"ಸಿಕ್ಕಾಕ್ಕೊಂಡೋರೆಲ್ಲ ಹಂಗೇ ಅನ್ನೋದು."

ಶಶಿಧರ್ ಅವಳ ಕೊರಳು ನೋಡಿದ, ಕಾಲ್ಬೆರಳು ನೋಡಿದ. ತಾಳಿಯಿಲ್ಲ, ಕಾಲುಂಗುರವಿಲ್ಲ. ರಘುರಾಮ್ ಎರಡು ಮೆಟ್ಟಿಲು ದೂರ ಕೂತಿದ್ದ, ಪಕ್ಕದಲ್ಲಿ ದೊಡ್ಡ ಚೀಲ. ಅದರ ಜಿಪ್ ಎಳೆದರೆ ಐದಾರು ಸೀರೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲವೂ ಹುಡುಗಿಯದೇ. ಓಡಿಹೋಗುವವರು ಕಟ್ಟಿಕೊಳ್ಳುವ ಗಂಟು ಇನ್ನು ಹೇಗಿರುತ್ತದೆ? ಸಾಲದ್ದಕ್ಕೆ ಶ್ರೀಜಾ ಮುಷ್ಟಿಯಲ್ಲಿ ಬಿಗಿಹಿಡಿದಿದ್ದ ಕಾಗದದ ಪೊಟ್ಟಣವನ್ನೂ ಬಿಚ್ಚಿಸಿದ. ಒಳಗೆ ಚಿನ್ನದ ತಾಳಿ.

"ನಮಗಿಂತ ಮುಂಚೆ ಇವ್ರೇ ರೆಡಿಯಾಗಿ ಬಂದವ್ರೆ ಕಣ್ರಲಾ," ಎಂದು ಹುಡುಗರ ಕಡೆ ತಿರುಗಿ ನಕ್ಕ. ತಾಳಿಯನ್ನು ತನ್ನ ಅರಿಶಿನದ ದಾರಕ್ಕೆ ಪೋಣಿಸಿದ.

ಶ್ರೀಜಾಳಿಗೆ ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿಜ ಕೇಳಿದರೆ ಇವರು ಇನ್ನೂ ಕುಣಿದಾಡುತ್ತಾರೆ, ಪುಣ್ಯದ ಕೆಲಸ ಸಿಕ್ಕಿತು ಅನ್ನುತ್ತಾರೆ. ನುಂಗಿಕೊಂಡು ರಘುರಾಮನ ಕಡೆ ನೋಡಿದಳು.

"ನೀವಾದ್ರೂ ಬೇಡ ಅನ್ರೀ."

ಆಗಲೇ ರೀ ಅಂತೆ ಎಂದು ಹುಡುಗರು ಕಿಸಕ್ಕೆಂದರು. ರಘುರಾಮ್ ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದ.

"ನಂದೇನೂ ಅಡ್ಡಿ ಇಲ್ಲ. ಅಮ್ಮನಿಗಂತೂ ಸಂತೋಷವೇ ಆಗುತ್ತೆ. ಮನಸ್ಸಿಲ್ಲದಿರೋದು ಇವಳಿಗೊಬ್ಬಳಿಗೇ."

ಮಂತ್ರಕ್ಕೆಂದು ಭಾಷ್ಯಂ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. ದೇವಸ್ಥಾನದ ಪೂಜೆ ಬಿಟ್ಟು ಹತ್ತು ವರ್ಷವಾದ ಮುದುಕರು. ಏದುಸಿರು ಬಿಡುತ್ತಾ ಇಳಿದು, ವಿಷಯ ಕೇಳಿ, ಶಶಿಧರನಿಗೆ ಚೆನ್ನಾಗಿ ಬೈದರು. ಹಬ್ಬ ಪರದೇಶದ್ದಾದರೆ ಬಿಡು, ನಮ್ಮಲ್ಲಿ ಕಾಮನ ಹುಣ್ಣಿಮೆ ಇಲ್ಲವೇ, ಬೇಲೂರಿನ ಗೋಡೆಯ ಮೇಲೆ ರತಿಯ ಜೊತೆ ಮನ್ಮಥ ನಿಂತಿಲ್ಲವೇ ಎಂದರು.

"ಆ ಮನ್ಮಥನೂ ಹೂವಿನ ಬಾಣ ಬಿಡ್ತಾನೆ ಕಣಪ್ಪ, ಯಾರ ಕುತ್ತಿಗೆನೂ ಹಿಡಿಯಲ್ಲ." ಆಮೇಲೆ ಶ್ರೀಜಾಳ ಕಡೆ ತಿರುಗಿದರು. "ನಿನಗೆ ಒಪ್ಪಿಗೆಯೇನಮ್ಮಾ?"

"ಇಲ್ಲ ಸ್ವಾಮಿ. ಸತ್ತರೂ ಇಲ್ಲ."

ಭಾಷ್ಯಂ ಮಂತ್ರ ಹೇಳಲಿಲ್ಲ. ಪೊಲೀಸರನ್ನು ಕರೆಯುತ್ತೇನೆ ಎಂದು ವಾಪಸ್ ಮೆಟ್ಟಿಲು ಹತ್ತತೊಡಗಿದರು. ಎಂಬತ್ತರ ಮಂಡಿ, ಒಂದೊಂದು ಮೆಟ್ಟಿಲಿಗೂ ನಿಲ್ಲಬೇಕು.

ಮಂತ್ರ ಯಾರಿಗೆ ಬೇಕು? ಒಬ್ಬ ಮೊಬೈಲಿನಲ್ಲಿ ನಾದಸ್ವರ ಹಾಕಿದ, ಇನ್ನೊಬ್ಬ ವಿಡಿಯೋ ಶುರುಮಾಡಿದ. ಕೊಸರಾಡಿದವಳ ತೋಳುಗಳನ್ನು ಇಬ್ಬರು ಹಿಡಿದರು. ಅಪ್ಪನ ಹೆದರಿಕೆ ಅಷ್ಟೇ, ಒಂದು ವಾರ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ಶಶಿಧರ್ ಸಮಾಧಾನ ಹೇಳಿದ.

ರಘುರಾಮ್ ಅವಳ ಜಡೆ ಪಕ್ಕಕ್ಕೆ ಸರಿಸಿ, ತಡಕಾಡದೆ ಮೂರು ಗಂಟು ಹಾಕಿದ. ಹುಡುಗರು ಗಿಡದ ಎಲೆ ಹರಿದು ಅಕ್ಷತೆ ಎಂದು ಎರಚಿದರು. ಅವನು ಅವಳ ಕಿವಿಯ ಹತ್ತಿರ ಬಗ್ಗಿದ.

"ಕಣಕಟ್ಟೆ ಬಸ್ಸಿಗೆ ಹೊತ್ತಾಯ್ತು. ಮನೆಗೆ ನಡಿ."

ಎಂಟು ವರ್ಷದ ಹಿಂದೆ ಇದೇ ಕೈ ಕಟ್ಟಿದ್ದ ಇದೇ ತಾಳಿಯನ್ನು ಬಿಚ್ಚಲು ಶ್ರೀಜಾ ನಾಲ್ಕು ವರ್ಷ ಅರಸೀಕೆರೆಯ ಕೋರ್ಟಿಗೆ ಅಲೆದಿದ್ದಳು. ವಿಚ್ಛೇದನ ಸಿಕ್ಕಿ ಒಂಬತ್ತು ದಿನವಾಗಿತ್ತು, ಇವತ್ತು ಅವನ ಮನೆಯಲ್ಲುಳಿದಿದ್ದ ತನ್ನ ಸಾಮಾನು ತೆಗೆದುಕೊಂಡು, ಆ ತಾಳಿಯನ್ನು ಅವನಿಗೆ ವಾಪಸ್ ಕೊಡಲು ಬಂದಿದ್ದಳು.