ಎರಡನೆಯ ವೈರ್

ಇನ್ವರ್ಟರ್ ಬ್ಯಾಟರಿಯ ಮುಚ್ಚಳ ತೆಗೆದಾಗ ಬರುವ ಆ್ಯಸಿಡ್ ವಾಸನೆ ನನ್ನನ್ನು ಈಗಲೂ ಗಳಗನಾಥದ ಹೊಳೆದಂಡೆಗೆ ಒಯ್ಯುತ್ತದೆ.

ಅಪ್ಪ ಟ್ರ್ಯಾಕ್ಟರುಗಳ ವೈರಿಂಗ್ ಮಾಡುತ್ತಿದ್ದ. ಆ ಮಧ್ಯಾಹ್ನ ಸೋದರಮಾವನ ಹಳೆಯ ಹಾಯಿದೋಣಿಗೆ ಬ್ಯಾಟರಿ ಕೂರಿಸಿ, ದೀಪಕ್ಕೆ ಒಂದೇ ವೈರ್ ಎಳೆದ. ಬ್ಯಾಟರಿಯ ಮೈನಸ್ ತುದಿಯನ್ನು ರೂಢಿಯಂತೆ ದೋಣಿಯ ಮೊಳೆಗೇ ಬಿಗಿದ. ಟ್ರ್ಯಾಕ್ಟರಿನಲ್ಲಾದರೆ ಕರೆಂಟು ಮರಳಲು ಕಬ್ಬಿಣದ ಮೈಯೇ ಎರಡನೆಯ ವೈರ್. ಇದು ಕರೆಂಟು ಹರಿಯದ ಬರೀ ಕಟ್ಟಿಗೆ. ದೀಪ ಹತ್ತಲಿಲ್ಲ.

"ಬಲ್ಬ್ ಸುಟ್ಟೈತಿ. ನಾಳೆ ಹೊಸಾದು ತರ್ತೇನಿ," ಎಂದ ಅಪ್ಪ.

ಬೆಳಿಗ್ಗೆಯಷ್ಟೇ ಅದೇ ಬಲ್ಬನ್ನು ನಾನು ಮನೆಯಲ್ಲಿ ಹತ್ತಿಸಿ ನೋಡಿದ್ದೆ. ಹೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಸುಮ್ಮನಾದೆ.

"ಇರ್ಲಿ ಬಿಡ್ರಿ, ಈ ಹೊಳಿ ನನಗ ಕಣ್ಣು ಮುಚ್ಚಿದ್ರೂ ಗೊತ್ತೈತಿ," ಎಂದು ಮಾವ ಮುಸ್ಸಂಜೆಗೆ ದೋಣಿ ಬಿಟ್ಟ.

ಮರುದಿನ ಅಪ್ಪ ತಂದದ್ದು ಬಲ್ಬನ್ನಲ್ಲ, ಎರಡನೆಯ ವೈರನ್ನು. ದಂಡೆಯ ಮೇಲೆ ಜನ ನೆರೆದಿದ್ದರು. ದೋಣಿ ಇರಲಿಲ್ಲ, ಮಾವನೂ.